ಚಪ್ಪರದ ಲೆಕ್ಕ, ಚಿತ್ರದ ಲೆಕ್ಕ

ಸಲಿಂಗಿ ಬದುಕನ್ನೇ ನಡುವಿಗಿಟ್ಟುಕೊಂಡ ಕನ್ನಡದ ಮೊದಲ ಕಥಾಸಂಕಲನ ಎಂದು ಹೆಸರಾದ ‘ಮೋಹನಸ್ವಾಮಿ’ 2013ರಲ್ಲಿ ಹೊರಬಂತು. ಅದನ್ನು ಬರೆದ ವಸುಧೇಂದ್ರ ಸಂಡೂರಿನವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ನೆಲೆ ನಿಂತದ್ದು ಮರಿಯಮ್ಮನಹಳ್ಳಿಯಲ್ಲಿ. ಜಿಲ್ಲೆ ಒಡೆದ ಮೇಲೆ ಮರಿಯಮ್ಮನಹಳ್ಳಿ ವಿಜಯನಗರಕ್ಕೆ ಸೇರಿತು, ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ಆದರೂ ಎರಡೂ ಕಡೆಯ ಬಸ್ಸು ಬಂದು ನಿಲ್ಲುವುದು ಹೊಸಪೇಟೆಯಲ್ಲೇ. ಹೆಣ್ಣು–ಗಂಡೆಂಬ ಎರಡೇ ಗೆರೆಗಳ ಆಚೆಗಿನ ಬದುಕಿನ ಬಗ್ಗೆ ಕನ್ನಡಕ್ಕೆ ಎರಡು ಗಟ್ಟಿ ದನಿಗಳನ್ನು ಕೊಟ್ಟ ಈ ಸೀಮೆಯವರು ಅಂಥದೇ ಬದುಕನ್ನು ಪರದೆಯ ಮೇಲೆ ನೋಡಬೇಕೆಂದರೆ ಮಾತ್ರ ರಾತ್ರಿ ರೈಲು ಹಿಡಿದು ಬೆಂಗಳೂರು ಸೇರಬೇಕು. ಅಲ್ಲಿ ಲೈಂಗಿಕ ಅಲ್ಪಸಂಖ್ಯಾತರು ತಾವೇ ಕಟ್ಟಿದ ಕ್ವಿಯರ್ ಚಿತ್ರೋತ್ಸವವೊಂದಿದೆ. ಅದು ಹೇಗೆ ನಿಂತಿತು, ಯಾರ ದುಡ್ಡಿನಲ್ಲಿ ನಿಂತಿತು ಎಂಬುದೇ ಈ ಲೇಖನದ ವಿಷಯ. ಚಿತ್ರೋತ್ಸವಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಚಿತ್ರಗಳ ಪಟ್ಟಿ, ಅತಿಥಿಗಳ ಪಟ್ಟಿ, ಪ್ರಶಸ್ತಿಗಳ ಪಟ್ಟಿಯಾಗಿ ಬರೆಯುತ್ತೇವೆ. ರಸೀದಿ ಪುಸ್ತಕದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಇಂಥ ಉತ್ಸವದ ನಿಜವಾದ ಚರಿತ್ರೆ ಇರುವುದು ಆ ಪುಸ್ತಕದಲ್ಲೇ ಎಂಬುದು ನನ್ನ ವಾದ. ಚಪ್ಪರದ ಖರ್ಚು ಒಂದು ಲೆಕ್ಕ, ಚಪ್ಪರದೊಳಗೆ ಯಾವ ಚಿತ್ರ ಓಡಬೇಕೆಂಬುದು ಇನ್ನೊಂದು ಲೆಕ್ಕ. ಮೊದಲನೆಯದಕ್ಕೆ ಯಾರ ಹಣವೂ ಬರಲಿ. ಎರಡನೆಯದು ಸಮುದಾಯದ ಕೈಯಲ್ಲೇ ಇರಬೇಕು. ಈ ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿ ಇಟ್ಟದ್ದರಿಂದಲೇ ಬೆಂಗಳೂರಿನ ಉತ್ಸವ ಉಳಿದುಕೊಂಡಿತು.

ಪ್ರತ್ಯೇಕ ಉತ್ಸವವೇ ಬೇಕಾಯಿತೇಕೆ ಎಂಬುದನ್ನು ಮೊದಲು ನೋಡಬೇಕು. 1998ರ ಡಿಸೆಂಬರಿನಲ್ಲಿ ದೀಪಾ ಮೆಹ್ತಾ ಅವರ ‘ಫೈರ್’ ಓಡುತ್ತಿದ್ದ ಮುಂಬಯಿ, ದೆಹಲಿಯ ಚಿತ್ರಮಂದಿರಗಳ ಮೇಲೆ ದಾಳಿ ನಡೆಯಿತು. ಅದು ಸೆನ್ಸಾರ್ ಮಂಡಳಿಯಿಂದ ಸರ್ಟಿಫಿಕೇಟ್ ಪಡೆದಿದ್ದ ಚಿತ್ರ. ಮಂಡ್ಯದಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳಕಿಗೆ ಬಂದ ಶ್ರೀಧರ್ ರಂಗಾಯನ್ ಅವರ ‘ಗುಲಾಬಿ ಆಯಿನಾ’ಗೆ 2003ರಲ್ಲಿ ಆ ಸರ್ಟಿಫಿಕೇಟೂ ಸಿಗಲಿಲ್ಲ. ಸರ್ಟಿಫಿಕೇಟ್ ಇದ್ದರೆ ಕಲ್ಲು, ಇಲ್ಲದಿದ್ದರೆ ಕತ್ತಲೆ ಎಂಬ ಸ್ಥಿತಿಯಲ್ಲಿ ಚಿತ್ರೋತ್ಸವವೊಂದೇ ತೆರೆದಿದ್ದ ಬಾಗಿಲು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಪ್ರಮಾಣಪತ್ರ ಕಡ್ಡಾಯವಾದರೂ, ಲಾಭದ ಉದ್ದೇಶವಿಲ್ಲದೆ ನೋಂದಾಯಿತ ಪ್ರತಿನಿಧಿಗಳಿಗಾಗಿ ನಡೆಯುವ ಉತ್ಸವಗಳಿಗೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ವಿನಾಯಿತಿ ಕೊಡಬಹುದು. ಹಣದ ಪ್ರಶ್ನೆ ಕಾನೂನಿನೊಳಗೇ ಹೆಣೆದುಕೊಂಡಿರುವುದು ಇಲ್ಲಿ. ಟಿಕೆಟ್ ಮಾರಿ ಲಾಭ ಮಾಡುವ ವ್ಯಾಪಾರವಾದರೆ ಆ ಬಾಗಿಲು ಮುಚ್ಚುತ್ತದೆ. ಗಲ್ಲಾಪೆಟ್ಟಿಗೆಯನ್ನು ನೆಚ್ಚಿಕೊಳ್ಳುವಂತಿಲ್ಲ ಎಂದ ಮೇಲೆ ಉಳಿಯುವುದು ಎರಡೇ ದಾರಿ: ಸಮುದಾಯದ ಕಾಣಿಕೆ, ಇಲ್ಲವೇ ಪ್ರಾಯೋಜಕರ ಚೆಕ್ಕು.

ಬೆಂಗಳೂರು ಮುಖ್ಯವಾಗಿ ಹಿಡಿದದ್ದು ಮೊದಲ ದಾರಿ. ಅಲ್ಲಿ 1994ರಿಂದಲೇ ‘ಗುಡ್ ಆ್ಯಸ್ ಯೂ’ ಎಂಬ ಗುಂಪು ಸೇರುತ್ತಿತ್ತು. 1999ರಲ್ಲಿ ‘ಸ್ವಭಾವ’ ಮತ್ತು ‘ಸಂಗಮ’ ಎಂಬ ಸಂಸ್ಥೆಗಳು ಹುಟ್ಟಿದವು. ಸಾಕ್ಷ್ಯಚಿತ್ರಗಳನ್ನು ಹಳ್ಳಿ–ಕೇರಿಗಳಿಗೆ ಒಯ್ಯುತ್ತಿದ್ದ ‘ಪೆಡೆಸ್ಟ್ರಿಯನ್ ಪಿಕ್ಚರ್ಸ್’ ತಂಡವಿತ್ತು, ಹೆಣ್ಣುಮಕ್ಕಳದೇ ಆದ ಒಂದು ಬಳಗವಿತ್ತು. ನಗರದ ಮೊದಲ ಪ್ರೈಡ್ ಮೆರವಣಿಗೆ ಹೊರಟದ್ದು 2008ರ ಜೂನ್ 29ರಂದು. ಆ ಹುರುಪಿನ ಆಸುಪಾಸಿನಲ್ಲೇ ಬೆಂಗಳೂರು ಕ್ವಿಯರ್ ಚಿತ್ರೋತ್ಸವವೂ ಶುರುವಾಯಿತು. ವಸಂತನಗರದ ಅಲಿಯಾನ್ಸ್ ಫ್ರಾಂಸೆ, ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನ ಜಾಗ ಕೊಟ್ಟವು. ಚಿತ್ರ ಆರಿಸುವುದು, ನಿರ್ದೇಶಕರಿಗೆ ಪತ್ರ ಬರೆಯುವುದು, ಬಾಗಿಲಲ್ಲಿ ಹೆಸರು ಬರೆದುಕೊಳ್ಳುವುದು, ಕುರ್ಚಿ ಹಾಕುವುದು, ಮುಗಿದ ಮೇಲೆ ಕಸ ಗುಡಿಸುವುದು, ಎಲ್ಲವೂ ಸ್ವಯಂಸೇವಕರ ಪಾಲಿಗೆ. ನೋಡುವವರಿಗೆ ಉಚಿತ ಪ್ರವೇಶ. ಖರ್ಚಿಗೆ ಸಮುದಾಯದವರು, ಸ್ನೇಹಿತರು ಕೈಲಾದಷ್ಟು ಹಾಕಿದ ಹಣ. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ವಿದೇಶಿ ಸಾಂಸ್ಕೃತಿಕ ಕೇಂದ್ರಗಳಿಂದ ಉತ್ಸವಕ್ಕೆ ಮುಖ್ಯವಾಗಿ ಒದಗಿದ್ದು ಸಭಾಂಗಣ. ಸಭಾಂಗಣವೆಂದರೆ ಸೂರು, ಪರದೆ, ಪ್ರೊಜೆಕ್ಟರ್, ಕರೆಂಟು. ಒಂದೇ ಮಾತಿನಲ್ಲಿ ಚಪ್ಪರ. ಅದನ್ನು ಕೊಟ್ಟವರು ಒಳಗಿನ ಪಟ್ಟಿಯ ಒಡೆಯರಾಗಲಿಲ್ಲ.

ಈ ಏರ್ಪಾಡಿನ ಗಟ್ಟಿತನ ಗೊತ್ತಾಗುವುದು ತಾರೀಖುಗಳನ್ನು ಎದುರಿಟ್ಟುಕೊಂಡಾಗ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮನ್ನು ದೆಹಲಿ ಹೈಕೋರ್ಟ್ ಸಡಿಲಿಸಿದ್ದು 2009ರ ಜುಲೈ 2ರಂದು. ಬೆಂಗಳೂರಿನ ಉತ್ಸವ ಅದಕ್ಕೂ ಮುಂಚಿನದು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ ಹಳೆಯ ಸ್ಥಿತಿಯನ್ನೇ ಮರಳಿಸಿತು. ಮರುವರ್ಷ, 2014ರಲ್ಲಿ, ಉತ್ಸವ ಎಂದಿನಂತೆ ನಡೆಯಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಈ ಕಲಮಿನ ಕೊಂಡಿಯನ್ನು ಕೊನೆಗೂ ಕಳಚಿದ ಮೇಲಷ್ಟೇ ಕಾಮನಬಿಲ್ಲಿನ ಬಣ್ಣ ಬಳಿದುಕೊಂಡ ಕಂಪನಿ ಜಾಹೀರಾತುಗಳು ನಮ್ಮ ದೇಶದಲ್ಲಿ ಎದ್ದುಕಾಣತೊಡಗಿದವು. ಕಂಪನಿಯ ಹಣ ಕಾನೂನು ವಿಭಾಗದ ಮೇಜು ದಾಟಿ ಬರಬೇಕು, ಅದರಲ್ಲಿ ತಪ್ಪೇನಿಲ್ಲ, ಅದರ ಸ್ವಭಾವವೇ ಹಾಗೆ. ಆದರೆ ಅಪರಾಧಿ ಎಂದು ಕರೆಸಿಕೊಂಡವರಿಗೆ ಸೇರುವ ಜಾಗ ಹೆಚ್ಚು ಬೇಕಾದದ್ದು ಕಾನೂನು ವಿರುದ್ಧವಿದ್ದ ವರ್ಷಗಳಲ್ಲೇ. ಆ ವರ್ಷಗಳಲ್ಲಿ ನಿಂತದ್ದು ನೂರು, ಇನ್ನೂರು, ಐನೂರರ ಕಾಣಿಕೆ. ಹೊರದೇಶದ ಕಡೆ ಕಣ್ಣು ಹಾಯಿಸಿದರೂ ಇದೇ ಪಾಠ. 2025ರಲ್ಲಿ ಅಮೆರಿಕದ ರಾಜಕೀಯ ಗಾಳಿ ತಿರುಗಿದಾಗ ಸ್ಯಾನ್ ಫ್ರಾನ್ಸಿಸ್ಕೊ ಪ್ರೈಡ್‌ನ ಹಲವು ದೊಡ್ಡ ಪ್ರಾಯೋಜಕರು ಕೈ ಹಿಂದೆಗೆದುಕೊಂಡರು. ಈ ಬಗೆಯ ಚಿತ್ರೋತ್ಸವಗಳಲ್ಲೇ ಹಿರಿಯದಾದ ‘ಫ್ರೇಮ್‌ಲೈನ್’ 1977ರಲ್ಲಿ ಹುಟ್ಟಿದ ಊರು ಅದು. ಅಲ್ಲೇ ಹೀಗಾದರೆ, ನಾಳೆ ಹೊಸಪೇಟೆಯಲ್ಲಿ ಇಂಥದೊಂದು ಉತ್ಸವ ಮಾಡಹೊರಟರೆ ಹೇಗಾದೀತು?

ಇದಕ್ಕೆ ಬಲವಾದ ಆಕ್ಷೇಪವೊಂದು ಮುಂಬಯಿಯಿಂದ ಬರುತ್ತದೆ. ಅದೇ ರಂಗಾಯನ್ 2010ರಲ್ಲಿ ಆರಂಭಿಸಿದ ‘ಕಶಿಶ್’ ಉತ್ಸವ ಸಚಿವಾಲಯದ ಅನುಮತಿ ಪಡೆದು ಮಲ್ಟಿಪ್ಲೆಕ್ಸಿಗೇ ಹೋಯಿತು, ಪ್ರಾಯೋಜಕರನ್ನು ಹಿಂಜರಿಯದೆ ಕರೆಯಿತು, ಗೆದ್ದ ಚಿತ್ರಗಳಿಗೆ ನಗದು ಬಹುಮಾನ ಕೊಟ್ಟಿತು, ದಕ್ಷಿಣ ಏಷ್ಯಾದಲ್ಲೇ ದೊಡ್ಡದೆನಿಸಿಕೊಂಡಿತು. ಸಾಂಸ್ಕೃತಿಕ ಕೇಂದ್ರದ ಸಣ್ಣ ಸಭಾಂಗಣಕ್ಕೆ ಬರುವವರು ಮೊದಲೇ ಒಲಿದವರು. ಮಾಲಿನ ಮೆಟ್ಟಿಲಲ್ಲಿ ಪೋಸ್ಟರ್ ನೋಡಿ ಒಳಬರುವವರು ಹೊಸಬರು. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ದೊಡ್ಡ ಪರದೆಗೆ ದೊಡ್ಡ ದುಡ್ಡು ಬೇಕು. ಆದರೆ ಕಶಿಶ್‌ನಲ್ಲೂ ಚಿತ್ರಗಳ ಪಟ್ಟಿ ಹಾಕಿದವರು ಸಮುದಾಯದೊಳಗಿನ ಚಿತ್ರಕರ್ಮಿಗಳೇ ಹೊರತು ಪ್ರಾಯೋಜಕರಲ್ಲ. ಚಪ್ಪರ ಎಷ್ಟೇ ಝಗಮಗಿಸಿದರೂ ಚಿತ್ರದ ಲೆಕ್ಕ ಬೇರೆ ಕೈಯಲ್ಲಿತ್ತು. ಹಾಗಾಗಿ ಕಶಿಶ್ ನನ್ನ ವಾದವನ್ನು ಮುರಿಯುವುದಿಲ್ಲ, ಅದರ ಅಂಚನ್ನು ತೋರಿಸುತ್ತದೆ. ಇನ್ನೊಂದು ತುದಿಯಲ್ಲಿ ದೆಹಲಿಯ ಪ್ರೈಡ್ ಸಮಿತಿ ಇದೆ. ಅದು ಕಂಪನಿಗಳ ಹಣವನ್ನೇ ಮುಟ್ಟದೆ ಜನರ ದೇಣಿಗೆಯಲ್ಲೇ ಮೆರವಣಿಗೆ ನಡೆಸಿಕೊಂಡು ಬಂದಿದೆ. ಮೆರವಣಿಗೆಗೆ ಅದು ಸರಿ, ಬೀದಿಗೆ ಬಾಡಿಗೆಯಿಲ್ಲ. ಚಿತ್ರೋತ್ಸವಕ್ಕೆ ಕತ್ತಲೆಯ ಕೋಣೆ ಬೇಕು, ವಿತರಕರು ಕೇಳುವ ಪ್ರದರ್ಶನ ಶುಲ್ಕ ಕಟ್ಟಬೇಕು. ಆ ಮಟ್ಟಿಗೆ ದೆಹಲಿಯ ಹಟ ಚಿತ್ರೋತ್ಸವಕ್ಕೆ ಒಗ್ಗುವುದಿಲ್ಲ ಎಂಬುದೇ ನನ್ನ ಅಭಿಪ್ರಾಯ.

ಎರಡು ಲೆಕ್ಕದ ಈ ನಿಯಮ ಬಳ್ಳಾರಿ ಸೀಮೆಗೆ ಹೊಸದೇನಲ್ಲ. ದೊಡ್ಡಾಟ ಆಡಿಸುವ ಊರು ಮೊದಲು ಪಟ್ಟಿ ಎತ್ತುತ್ತದೆ. ಒಬ್ಬರು ಜೋಳ ಕೊಟ್ಟರೆ ಇನ್ನೊಬ್ಬರು ಚಪ್ಪರಕ್ಕೆ ಗಳ ಕೊಡುತ್ತಾರೆ, ಮತ್ತೊಬ್ಬರು ಮೇಳದವರ ಊಟ ವಹಿಸಿಕೊಳ್ಳುತ್ತಾರೆ. ಆಟ ರಂಗೇರಿದಾಗ ನೋಟು ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ದ್ರೌಪದಿ ಸೆರಗು ಹಿಡಿದು ಅಳುತ್ತಿರುವಾಗಲೇ ಇಂಥವರಿಂದ ಇಷ್ಟು ರೂಪಾಯಿ ಬಹುಮಾನ ಎಂದು ಕೇಳಿಬರುವುದು ರಸಭಂಗವೇ ಸರಿ. ಆದರೂ ಸಭೆ ಅದನ್ನು ಸಹಿಸುತ್ತದೆ, ಯಾಕೆಂದರೆ ಹೆಸರು ಕೂಗಿಸಿಕೊಂಡವರು ಕಥೆ ತಿರುಗಿಸು ಎಂದು ಹೇಳುವುದಿಲ್ಲ. ದುರ್ಯೋಧನ ಸೋಲಲೇಬೇಕು, ನೋಟು ಯಾರದಾದರೂ ಇರಲಿ. ದ್ರೌಪದಿಯ ಆ ಸೀರೆಯೊಳಗೆ ಬಹುಕಾಲ ಇದ್ದದ್ದು ಗಂಡಸು ಎಂಬುದನ್ನೂ ಇಲ್ಲೇ ನೆನಪಿಸಿಕೊಳ್ಳಬಹುದು. ಸ್ತ್ರೀವೇಷದವರನ್ನು ರಂಗದ ಮೇಲೆ ಮೆಚ್ಚಿ ರಂಗದ ಕೆಳಗೆ ಛೇಡಿಸಿದ ಊರುಗಳೂ ಇವೇ. ಚಿತ್ರೋತ್ಸವವನ್ನು ದೊಡ್ಡಾಟದ ಮಗುವೆಂದು ಕರೆದು ಮುದ್ದಾಡುವ ಉದ್ದೇಶ ನನಗಿಲ್ಲ. ಹಣ ಕೊಟ್ಟವರಿಗೆ ಹೆಸರು ಸಲ್ಲಲಿ, ಕಥೆ ಸಲ್ಲದಿರಲಿ ಎಂಬ ತಿಳಿವಳಿಕೆ ನಮ್ಮಲ್ಲಿ ಮೊದಲೇ ಇತ್ತು ಎನ್ನುವುದಷ್ಟೇ ಮುಖ್ಯ.

ಇದಕ್ಕಿಂತ ಹತ್ತಿರದ ಉದಾಹರಣೆ ಜೋಗತಿಯರ ಪಡ್ಲಿಗೆ. ಎಲ್ಲಮ್ಮನ ಮೂರ್ತಿಯಿಟ್ಟ ಆ ಬುಟ್ಟಿಯನ್ನು ಹೊತ್ತು, ಚೌಡಿಕೆ–ಶ್ರುತಿ–ತಾಳದೊಂದಿಗೆ ಹಾಡುತ್ತ ಮನೆಮನೆಗೆ ಹೋಗಿ ಜೋಗ ಬೇಡುವವರಿಗೆ ಹಾಕುವ ಕಾಳು ದೇವಿಗೆ ಹಾಕಿದ್ದು. ಆದ್ದರಿಂದ ಯಾವ ಪದ ಹಾಡಬೇಕು ಎಂಬ ಅಪ್ಪಣೆ ಆ ಕಾಳಿನ ಜೊತೆ ಬರುವುದಿಲ್ಲ. ತುಂಗಭದ್ರೆಯ ಆಚೆ ದಡದ ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡ ಜೋಗಪ್ಪಗಳ, ಅಂದರೆ ಗಂಡಾಗಿ ಹುಟ್ಟಿ ಜೋಗತಿಯರಾದವರ, ಕಲೆ ಉಳಿದದ್ದು ಅರಮನೆಯ ಉಂಬಳಿಯಿಂದಲ್ಲ, ಈ ಬೊಗಸೆ ಕಾಳಿನಿಂದ. ಕಾಳವ್ವ ಜೋಗತಿಯವರ ತಂಡ, ಅವರ ನಂತರ ಅದನ್ನು ಮುನ್ನಡೆಸಿದ ಮಂಜಮ್ಮನವರು, ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯವನ್ನು ಗುಡಿಯ ಅಂಗಳದಿಂದ ರಾಜ್ಯದ ವೇದಿಕೆಗಳಿಗೆ ತಂದರು. ಮಂಜಮ್ಮನವರ ಬದುಕನ್ನು ಅರುಣ್ ಜೋಳದಕೂಡ್ಲಿಗಿ ‘ನಡುವೆ ಸುಳಿವ ಹೆಣ್ಣು’ ಪುಸ್ತಕದಲ್ಲಿ ನಿರೂಪಿಸಿದ್ದಾರೆ. ಇಲ್ಲಿ ನ್ಯಾಯವಾದ ಆಕ್ಷೇಪವೊಂದಿದೆ: ಪಡ್ಲಿಗೆಯನ್ನು ಮಾದರಿ ಎನ್ನುವುದು ಭಿಕ್ಷೆಯನ್ನು ಸಿಂಗರಿಸಿದಂತಲ್ಲವೇ? ಮನೆಯಿಂದ ಹೊರಬಿದ್ದು ಬೇರೆ ದಾರಿಯಿಲ್ಲದೆ ಬೇಡಿದವರ ಕಷ್ಟ ಅದು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಲ್ಲಿ ನಿಷೇಧಿಸಿದ್ದು ಸುಮ್ಮನೆ ಅಲ್ಲ. ಒಪ್ಪುತ್ತೇನೆ. ಬೇಡಬೇಕಾದ ಸ್ಥಿತಿ ಮಾದರಿಯಲ್ಲ. ಕೊಟ್ಟವರು ಕೇಳುವಂತಿಲ್ಲ ಎಂಬ ಕಟ್ಟು ಮಾತ್ರ ಮಾದರಿ. ಮನೆಮನೆಗೆ ಹೋಗುವುದರಲ್ಲಿ ಇನ್ನೊಂದು ಲಾಭವೂ ಇದೆ. ನೂರು ಮನೆ ಕೊಟ್ಟಾಗ ಒಂದು ಮನೆ ಮುನಿಸಿಕೊಂಡರೆ ಪಡ್ಲಿಗೆ ಬರಿದಾಗುವುದಿಲ್ಲ. ಒಂದೇ ಮನೆ ತುಂಬಿಸಿದ ಪಡ್ಲಿಗೆ ಆ ಮನೆಯ ಮರ್ಜಿಯಲ್ಲಿರುತ್ತದೆ.

ಸಂಡೂರಿನವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಈ ತಾಲ್ಲೂಕಿನಲ್ಲಿ ಸಾರ್ವಜನಿಕ ಕೆಲಸವೆಂದಕೂಡಲೇ ಕಣ್ಣು ಹೋಗುವುದು ಗಣಿಯ ಕಡೆಗೆ. 1954ರಲ್ಲಿ ಸ್ಥಾಪನೆಯಾದ ಸಂಡೂರು ಮ್ಯಾಂಗನೀಸ್ ಕಂಪನಿಯಿದೆ, ದೋಣಿಮಲೈನಲ್ಲಿ ಸರ್ಕಾರಿ ಗಣಿಯಿದೆ, ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಅದಿರಿನ ಲಾರಿಗಳ ಸಾಲು ಹೇಗೆ ನಿಂತಿತೆಂಬುದನ್ನು ಕಂಡ ಊರಿದು. ಒಂದೇ ಮೂಲದ ಹಣ ಒಂದೇ ದಿನಕ್ಕೆ ನಿಲ್ಲಬಲ್ಲದು. ಹಾಗೆಂದು ಕಂಪನಿಗಳ ಬಾಗಿಲು ತಟ್ಟಬಾರದೇ? ತಟ್ಟಬೇಕು, ಆದರೆ ಏನನ್ನು ಕೇಳಬೇಕೆಂದು ತಿಳಿದು ತಟ್ಟಬೇಕು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕು. ಕಲೆ, ಸಂಸ್ಕೃತಿ, ಲಿಂಗ ಸಮಾನತೆ ಆ ಪಟ್ಟಿಯಲ್ಲಿವೆ. ಆದರೆ ಒಂದೆರಡು ದಿನದ ಸಮಾರಂಭಕ್ಕೆ ಕೊಟ್ಟದ್ದು ಆ ಲೆಕ್ಕಕ್ಕೆ ಬಾರದು ಎಂದು 2014ರ ಸುತ್ತೋಲೆ ಹೇಳಿದೆ. ತಮ್ಮ ಸರಕಿನ ಪ್ರಚಾರಕ್ಕೆಂದು ಕೊಟ್ಟ ಪ್ರಾಯೋಜಕತ್ವವನ್ನು 2021ರ ತಿದ್ದುಪಡಿ ಹೊರಗಿಟ್ಟಿದೆ. ಅಂದರೆ ಬ್ಯಾನರಿನ ಮೇಲೆ ಹೆಸರು ಬೇಕೆನ್ನುವ ಕಂಪನಿ ಜಾಹೀರಾತಿನ ಬಾಬ್ತಿನಿಂದ ಕೊಡಬೇಕು. ಸಾಮಾಜಿಕ ಹೊಣೆಯ ಹಣ ಬೇಕೆನ್ನುವ ಸಂಘ ವರ್ಷವಿಡೀ ಉಳಿಯುವ ಕೆಲಸವನ್ನು ತೋರಿಸಬೇಕು: ಒಂದು ಸಭಾಂಗಣದ ದುರಸ್ತಿ, ಪ್ರೊಜೆಕ್ಟರ್, ಗಾಲಿಕುರ್ಚಿಗೆ ಇಳಿಜಾರು, ಎಲ್ಲರೂ ನಿರಾಳವಾಗಿ ಬಳಸಬಹುದಾದ ಶೌಚಾಲಯ. ಕಾನೂನು ಮಾಡಿದವರು ನಮ್ಮ ಚಪ್ಪರ–ಚಿತ್ರದ ಭೇದವನ್ನು ಅರಿಯದೆಯೇ ಒಪ್ಪಿಕೊಂಡಂತಿದೆ.

ಸಮುದಾಯವೇ ಬಡತನದಲ್ಲಿರುವಾಗ ಅವರಿಂದಲೇ ಹಣ ಎತ್ತುವುದು ಎಷ್ಟು ಸರಿ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಐಟಿ ಉದ್ಯೋಗಿಯ ಐನೂರು ರೂಪಾಯಿಗೂ ಹುಲಿಗಿಯ ಜೋಗಪ್ಪನ ಐವತ್ತಕ್ಕೂ ತೂಕ ಬೇರೆ. ಇದಕ್ಕೆ ಉತ್ತರ ಪಟ್ಟಿ ಎತ್ತುವ ಕ್ರಮದಲ್ಲೇ ಇದೆ. ಗಳ ಕೊಟ್ಟವರಿಗೂ ನೋಟು ಕೊಟ್ಟವರಿಗೂ ಅಲ್ಲಿ ಒಂದೇ ಪುಸ್ತಕ. ಚಿತ್ರ ಆರಿಸುವ ಸಮಿತಿಯಲ್ಲಿ ಕೂರುವ ಹಕ್ಕನ್ನು ದೇಣಿಗೆಯ ಮೊತ್ತಕ್ಕೆ ಗಂಟು ಹಾಕದಿದ್ದರೆ ಈ ಆಕ್ಷೇಪದ ಮೊನೆ ಮುರಿಯುತ್ತದೆ. ಇನ್ನು, ಇದು ನಮ್ಮ ಸಂಸ್ಕೃತಿಯಲ್ಲ ಎಂಬ ಮಾತು. ಅದಕ್ಕೆ ಹಂಪಿಯ ಕಂಬದ ಶಿಲ್ಪಗಳನ್ನು ತೋರಿಸಿ ಗೆಲ್ಲುವ ಅಭ್ಯಾಸ ಹಲವರಿಗಿದೆ, ನನಗೆ ಅದು ರುಚಿಸುವುದಿಲ್ಲ. ಕಲ್ಲಿನಲ್ಲಿ ಕೆತ್ತಿದ್ದಾರೆಂಬ ಕಾರಣಕ್ಕೆ ಯಾರ ಹಕ್ಕೂ ಹುಟ್ಟುವುದಿಲ್ಲ, ಕೆತ್ತದಿದ್ದರೆ ಸಾಯುವುದೂ ಇಲ್ಲ. ಸಂಡೂರಿನ ದೊರೆ ಯಶವಂತರಾವ್ ಘೋರ್ಪಡೆ 1932ರಲ್ಲಿ ಕುಮಾರಸ್ವಾಮಿ ಗುಡಿಯನ್ನು ದಲಿತರಿಗೆ ತೆರೆದರು. ಬಾಗಿಲು ತೆರೆಯುವುದಕ್ಕೆ ಹಳೆಯ ಪೂರ್ವನಿದರ್ಶನವೇ ಬೇಕೆಂದಿದ್ದರೆ ಆ ಬಾಗಿಲು ಮುಚ್ಚಿಯೇ ಇರುತ್ತಿತ್ತು.

ಮೊಬೈಲಿನಲ್ಲೇ ಎಲ್ಲ ಚಿತ್ರ ಸಿಗುವಾಗ ಉತ್ಸವ ಯಾಕೆ ಎಂಬ ಪ್ರಶ್ನೆ ಹೆಚ್ಚು ಗಂಭೀರವಾದದ್ದು. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’ ಚಿತ್ರದಲ್ಲಿ ನಟಿಸಿ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. ಅದು ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದ್ದು, 2015ರಲ್ಲಿ ಚಿತ್ರಮಂದಿರಗಳಿಗೇ ಬಂದದ್ದು. ಶೈಲಜಾ ಪಡಿಂದಲ ಅವರ ‘ನಾನು ಲೇಡೀಸ್’ ಇಬ್ಬರು ಹೆಣ್ಣುಗಳ ಪ್ರೀತಿಯನ್ನು ಕನ್ನಡದಲ್ಲೇ ಹೇಳಿತು. ಹೀಗೆ ಒಂದೊಂದೇ ಚಿತ್ರ ಒಂಟಿಯಾಗಿ ಬಂದು ಹೋದಾಗ ಅದನ್ನು ಒಂಟಿಯಾಗಿ ನೋಡುವವರು ಒಂಟಿಯಾಗಿಯೇ ಉಳಿಯುತ್ತಾರೆ. ಮನೆಯವರಿಗೆ ಕೇಳಿಸದಂತೆ ಇಯರ್‌ಫೋನ್ ಹಾಕಿಕೊಂಡು ನೋಡುವುದಕ್ಕೂ, ಇನ್ನೂರು ಜನರ ನಡುವೆ ಕೂತು ಎಲ್ಲರೂ ನಕ್ಕ ಕಡೆ ನಗುವುದಕ್ಕೂ ವ್ಯತ್ಯಾಸವಿದೆ. ಆದರೆ ಬೆಂಗಳೂರಿನ ಉತ್ಸವದ ಮೇಲೆ ನನ್ನ ದೂರಿರುವುದೂ ಇಲ್ಲೇ. ಜಗತ್ತಿನ ಚಿತ್ರಗಳು ಅಲ್ಲಿಗೆ ಬಂದವು, ಬಹುಪಾಲು ಇಂಗ್ಲಿಷ್ ಅಡಿಬರಹಗಳೊಂದಿಗೆ. ಚಿತ್ರದ ಲೆಕ್ಕ ಸಮುದಾಯದ ಕೈಯಲ್ಲಿತ್ತು ನಿಜ. ಇಂಗ್ಲಿಷ್ ಓದಬಲ್ಲವರ ಕೈಯಲ್ಲಿತ್ತು ಎಂಬುದೂ ಅಷ್ಟೇ ನಿಜ. ಕಂಪ್ಲಿಯಿಂದ ಬಂದ ಜೋಗಪ್ಪ ಆ ಸಭಾಂಗಣದಲ್ಲಿ ಅತಿಥಿಯಾಗಿ ಕುಣಿಯಬಹುದು, ಪ್ರೇಕ್ಷಕರಾಗಿ ಕೂರುವುದು ಕಷ್ಟ. ಕನ್ನಡ ಅಡಿಬರಹ ಬರೆಸಲು ಹಣ ಬೇಕು, ಅದು ಪ್ರಾಯೋಜಕರಿಂದ ಧಾರಾಳವಾಗಿ ಕೇಳಬಹುದಾದ ಹಣ. ಓದು ಬಾರದವರಿಗೆ ಅದೂ ಸಾಲದು. ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕ ನಿಂತು ಕಥೆ ಹೇಳುವವರಿದ್ದರು. ಮೇಳಕ್ಕೊಬ್ಬ ಭಾಗವತರಿರುವ ಸೀಮೆಯಲ್ಲಿ ಅಂಥವರನ್ನು ಹುಡುಕುವುದು ಕಷ್ಟವಾಗಲಾರದು.

ಬೆಂಗಳೂರಿನ ಈ ಚಳವಳಿಯ ಕಾಗದಪತ್ರ, ದೃಶ್ಯದಾಖಲೆಗಳನ್ನು ಕೂಡಿಡುವ ಕೆಲಸ ‘ಕ್ಯಾಮ್ರಾ’ ಎಂಬ ದಾಖಲಾಗಾರದಲ್ಲಿ ನಡೆದಿದೆ. ‘ಮೆನಿ ಪೀಪಲ್ ಮೆನಿ ಡಿಸೈರ್ಸ್’ ಸಾಕ್ಷ್ಯಚಿತ್ರ ಮಾಡಿದ ಟಿ. ಜಯಶ್ರೀ ಅದರ ಹಿಂದಿದ್ದಾರೆ, ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಅಲ್ಲೂ ಕೊಟ್ಟದ್ದು ಸೂರೇ ಎಂಬುದನ್ನು ಗಮನಿಸಬೇಕು. ಹೊಸಪೇಟೆ, ಸಂಡೂರು, ಹಂಪಿ, ಕಂಪ್ಲಿಗಳ ಕಡೆ ಇಂಥ ಸಂಗ್ರಹಕ್ಕೆ ಇನ್ನೂ ಯಾರಾದರೂ ಕೈ ಹಾಕಬೇಕು. ವಿದ್ಯಾರಣ್ಯದ ಕನ್ನಡ ವಿಶ್ವವಿದ್ಯಾಲಯದಂಥ ಜಾಗ ಪಕ್ಕದಲ್ಲೇ ಇದೆ. ಮನೆಯ ಅಟ್ಟದ ಮೇಲೆ, ಗುಡಿಯ ಪೆಟ್ಟಿಗೆಯಲ್ಲಿ, ಯಾವುದಾದರೂ ಸಂಘದ ಕಪಾಟಿನಲ್ಲಿ ಜೋಗತಿ ಮೇಳದ ಕರಪತ್ರ, ದೊಡ್ಡಾಟದ ಪಟ್ಟಿ ಪುಸ್ತಕ, ಹಳೆಯ ಫೋಟೊ, ಕ್ಯಾಸೆಟ್ಟು, ಮೆರವಣಿಗೆಗೆ ಚಂದಾ ಕೊಟ್ಟ ರಸೀದಿ ಇದ್ದರೆ, ಓದುಗರೇ, ದಯವಿಟ್ಟು ಅದನ್ನು ಈ ದೀಪಾವಳಿಯ ಸ್ವಚ್ಛತೆಯಲ್ಲಿ ರದ್ದಿಗೆ ಹಾಕಬೇಡಿ.